ಒಣಹುಲ್ಲಿಗೂ ಬಣ್ಣವುಂಟು

ಜನವರಿ ಕಳೆಯುವಷ್ಟರಲ್ಲಿ ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳ ಹುಲ್ಲು ಪೂರಾ ಒಣಗಿರುತ್ತದೆ. ಬೆಳಿಗ್ಗೆ ಅದು ನವಣೆಯ ಹೊಟ್ಟಿನ ಬಣ್ಣ, ನಡು ಮಧ್ಯಾಹ್ನ ಬೂದಿ, ಹೊತ್ತಿಳಿಯುವಾಗ ಹುಣಸೆಹಣ್ಣು ಹಾಕಿ ತಿಕ್ಕಿಟ್ಟ ತಾಮ್ರದ ಚೆಂಬು. ಈ ಹುಲ್ಲಿನ ಫೋಟೊವನ್ನು ಮೊಬೈಲಿನ ಎಡಿಟಿಂಗ್ ಆ್ಯಪ್‌ಗೆ ಹಾಕಿ ಯಾವುದಾದರೂ ಗಾಢ ಬಣ್ಣದ ಫಿಲ್ಟರ್ ಒತ್ತಿ ನೋಡಿ. ಹಳದಿ ಹಸಿರಿನತ್ತ ಸರಿಯುತ್ತದೆ, ಧೂಳು ಕವಿದ ಆಕಾಶ ಕಡುನೀಲಿಯಾಗುತ್ತದೆ, ಕುರಿ ಕಾಯುವವರ ಮುಖ ಬೆಳ್ಳಗಾಗಿ, ಸುಕ್ಕು ಅಳಿಸಿಹೋಗಿ ನುಣ್ಣಗಾಗುತ್ತದೆ. ಚಿತ್ರ ಚೆಂದ ಕಾಣುತ್ತದೆ, ನಿಜ. ಆದರೆ ಅದು ಚಳ್ಳಕೆರೆಯ ಚಿತ್ರವಾಗಿ ಉಳಿದಿರುವುದಿಲ್ಲ. ಎಲ್ಲೋ ಮಳೆ ಚೆನ್ನಾಗಿ ಬೀಳುವ ಊರಿನ, ಯಾರೋ ಬಿಳಿ ಚರ್ಮದವರ ಚಿತ್ರವಾಗಲು ಹವಣಿಸುತ್ತಿರುತ್ತದೆ. ಇಂದು ಬಯಲುಸೀಮೆಯ ನೂರಾರು ಹುಡುಗ ಹುಡುಗಿಯರು ಫೋಟೊಗ್ರಫಿ ಕಲಿಯುವ ಆಸೆಯಿಂದ ಮೊಬೈಲ್ ಹಿಡಿದಿದ್ದಾರೆ. ಅವರಿಗೆ ಹೇಳಬೇಕಾದದ್ದು ಒಂದೇ ಮಾತು ಎಂದು ನನಗೆ ಅನ್ನಿಸುತ್ತದೆ. ಕ್ಯಾಮೆರಾಕ್ಕೂ ಎಡಿಟಿಂಗ್ ಆ್ಯಪ್‌ಗೂ ಬೇರೆ ಕಡೆಯ ಕಣ್ಣು ಮೊದಲೇ ಕೂಡಿಸಿಟ್ಟಿರುತ್ತದೆ. ಅದನ್ನು ಗುರುತು ಹಿಡಿದು, ನಮ್ಮ ನೆಲದ ಬೆಳಕಿಗೂ ಬಣ್ಣಕ್ಕೂ ತಿದ್ದಿಕೊಳ್ಳುವುದೇ ಕಲಿಕೆಯ ಮೊದಲ ಪಾಠ; ಸೃಜನಶೀಲತೆ ಶುರುವಾಗುವುದೂ ಅಲ್ಲಿಂದಲೇ.

ಬೆಳಕಿನಿಂದಲೇ ಹೊರಡೋಣ. ಫೋಟೊಗ್ರಫಿಯ ಇಂಗ್ಲಿಷ್ ಪುಸ್ತಕಗಳಲ್ಲಿ, ಯೂಟ್ಯೂಬ್ ಪಾಠಗಳಲ್ಲಿ ತಪ್ಪದೆ ಬರುವ ಮಾತು 'ಗೋಲ್ಡನ್ ಅವರ್', ಅಂದರೆ ಸೂರ್ಯ ಹುಟ್ಟಿದ ನಂತರದ ಮತ್ತು ಮುಳುಗುವ ಮುಂಚಿನ ಹೊನ್ನಬೆಳಕಿನ ಒಂದು ಗಂಟೆ. ಆ ಗಂಟೆಯ ಲೆಕ್ಕ ಯುರೋಪಿನದು. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ವಾರ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅಲ್ಲಿ ದಿನವಿಡೀ ಓರೆ ಬೆಳಕು. ಚಳ್ಳಕೆರೆ, ಮೊಳಕಾಲ್ಮೂರು ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಮೇಲ್ಬದಿಗೆ. ಇಲ್ಲಿ ಸೂರ್ಯ ಹುಟ್ಟಿದ ಒಂದೇ ಗಂಟೆಯಲ್ಲಿ 13–14 ಡಿಗ್ರಿ ಏರಿಬಿಡುತ್ತಾನೆ. ಹದವಾದ ಮೆತ್ತನೆ ಬೆಳಕು ಸಿಗುವುದು ಅರ್ಧ ಗಂಟೆ, ಮುಕ್ಕಾಲು ಗಂಟೆ ಅಷ್ಟೇ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಎದುರು ನಿಂತವರ ಕಣ್ಣು ಎರಡು ಕಪ್ಪು ಗುಳಿಗಳಂತೆ ಕಾಣುತ್ತವೆ. ಎಡಿಟಿಂಗ್‌ನಲ್ಲಿ ನೆರಳನ್ನು ಎತ್ತುವ ಸ್ಲೈಡರ್ ಎಳೆದರೆ ಕಣ್ಣು ಕಂಡೀತು, ಜೊತೆಗೆ ಕಾಳುಕಾಳಾದ ನಾಯ್ಸ್ ಕೂಡ ಮೇಲೆ ಬರುತ್ತದೆ, ಮುಖ ಸಪ್ಪೆಯಾಗುತ್ತದೆ. ಇದಕ್ಕಿಂತ ಸುಲಭದ ಉಪಾಯ ಊರಲ್ಲೇ ಇದೆ. ಜಗುಲಿಯ ನೆರಳಿಗೆ, ಬೇವಿನ ಮರದ ಅಂಚಿಗೆ ಸರಿದು ನಿಂತರೆ ಎದುರಿನ ಬಿಸಿಲು ಬಿದ್ದ ನೆಲವೇ ಬೆಳಕನ್ನು ಮೆತ್ತಗೆ ಮಾಡಿ ಮುಖದ ಮೇಲೆ ಹಾಯಿಸುತ್ತದೆ. ಕೆಂಪು ನೆಲವಾದರೆ ಮುಖದ ಮೇಲೂ ತುಸು ಕೆಂಪು ಛಾಯೆ ಇರುತ್ತದೆ. ಅದನ್ನು ತೆಗೆಯಬೇಕೋ ಉಳಿಸಬೇಕೋ ಎನ್ನುವುದು ಎಡಿಟಿಂಗ್‌ನ ನಿಜವಾದ ಪ್ರಶ್ನೆ.

ಈ ಸೀಮೆಯಲ್ಲಿ ಎಕ್ಸ್‌ಪೋಶರ್ ಕಲಿಯಲು ಕಂಬಳಿಗಿಂತ ಒಳ್ಳೆಯ ಪಾಠ ಬೇರೆ ಕಾಣೆ. ಚಳ್ಳಕೆರೆಯ ಕರಿ ಕಂಬಳಿ ಕುರಿಯ ಉಣ್ಣೆಯದು. ನೂಲಿಗೆ ಹುಣಸೆಬೀಜದ ಸರಿ ಹಾಕಿ ಬಿಗಿ ಮಾಡಿ ನೇಯ್ದದ್ದು. ಅದನ್ನು ಬಿಸಿಲಿಗೆ ಹರವಿ, ಚೌಕಟ್ಟು ತುಂಬುವಂತೆ ಫೋಟೊ ತೆಗೆದರೆ ಕಪ್ಪಾಗಿ ಬರುವುದಿಲ್ಲ, ಮಾಸಲು ಬೂದಿಯಾಗಿ ಬರುತ್ತದೆ. ಕ್ಯಾಮೆರಾ ಕೆಟ್ಟಿಲ್ಲ. ಅದರ ಬೆಳಕಿನ ಮಾಪಕಕ್ಕೆ ಎದುರಿಗಿರುವುದು ಕಂಬಳಿಯೋ ಕಲ್ಲೋ ಗೊತ್ತಿಲ್ಲ. ಯಾವುದೇ ದೃಶ್ಯವಾದರೂ ಸರಾಸರಿ ನಡುಬೂದು ಬಣ್ಣದ್ದು, ಅಂದರೆ ಬಿದ್ದ ಬೆಳಕಿನ ಶೇ 18ರಷ್ಟನ್ನು ಮರಳಿಸುವಂಥದ್ದು ಎಂದು ಅದು ಎಣಿಸಿಕೊಂಡಿರುತ್ತದೆ. ಕಪ್ಪು ಕಂಡರೆ 'ಬೆಳಕು ಸಾಲದು' ಎಂದು ತಾನಾಗಿ ಹೆಚ್ಚಿಸುತ್ತದೆ. ಬಿಳಿ ಪಂಚೆ, ಬಿಳಿ ಸುಣ್ಣದ ಗೋಡೆ ಕಂಡರೆ ತಗ್ಗಿಸುತ್ತದೆ. ಆದ್ದರಿಂದ ಕಂಬಳಿಗೆ ಎಕ್ಸ್‌ಪೋಶರ್ ಇಳಿಸಬೇಕು, ಪಂಚೆಗೆ ಏರಿಸಬೇಕು. ಮೊಬೈಲಿನಲ್ಲಾದರೆ ಪರದೆಯನ್ನು ಒತ್ತಿ ಹಿಡಿದು ಪಕ್ಕದ ಸೂರ್ಯನ ಗುರುತನ್ನು ಕೆಳಗೋ ಮೇಲಕ್ಕೋ ಜಾರಿಸಿದರೆ ಸಾಕು. ಈ ಒಂದು ಸಂಗತಿ ಕೈಗೆ ಹತ್ತಿದವರಿಗೆ ಎಡಿಟಿಂಗ್‌ನ ಅರ್ಧ ಕೆಲಸ ಉಳಿಯಿತು. ಕಂಬಳಿಯ ಒರಟು ನೇಯ್ಗೆ ಕಾಣಬೇಕಾದರೆ ಬೆಳಕು ಎದುರಿನಿಂದ ಬರಬಾರದು, ಬದಿಯಿಂದ ಬರಬೇಕು. ಮೊಬೈಲಿನ ಬ್ಯೂಟಿ ಮೋಡ್ ಮತ್ತು ನಾಯ್ಸ್ ಅಳಿಸುವ ಲೆಕ್ಕಾಚಾರ ಎರಡೂ ಉಣ್ಣೆಯ ಎಳೆಯನ್ನು ಕಸವೆಂದು ತಿಳಿದು ಒರೆಸಿಹಾಕುತ್ತವೆ. ಆರಿಸಲು ಸಾಧ್ಯವಾದಲ್ಲಿ ಅವನ್ನು ಆರಿಸಿಯೇ ಫೋಟೊ ತೆಗೆಯಬೇಕು.

ಉಪಕರಣಕ್ಕೆ ಇಂಥ ಪೂರ್ವಗ್ರಹ ಇರಬಹುದೇ, ಅದು ಬರೀ ಯಂತ್ರವಲ್ಲವೇ ಎಂದು ಕೇಳಬಹುದು. ಇತಿಹಾಸ ನೋಡಿದರೆ ಇದೆ ಎಂದೇ ಹೇಳಬೇಕಾಗುತ್ತದೆ. ಕಲರ್ ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿದ್ದದ್ದು ಬಿಳಿ ಚರ್ಮದ ಹೆಂಗಸಿನ ಚಿತ್ರ. 'ಶರ್ಲಿ ಕಾರ್ಡ್' ಎಂದೇ ಅದಕ್ಕೆ ಹೆಸರು. ಆ ಹೆಂಗಸಿನ ಮೈಬಣ್ಣ ಸರಿಯಾಗಿ ಬಂದರೆ ಪ್ರಿಂಟ್ ಸರಿ ಎಂದು ಲೆಕ್ಕ. ಕಪ್ಪು ಚರ್ಮದವರ ಮುಖದಲ್ಲಿ ಕಣ್ಣು ಹಲ್ಲು ಬಿಟ್ಟು ಬೇರೆ ವಿವರ ಎಷ್ಟೋ ಸಲ ಮೂಡುತ್ತಲೇ ಇರಲಿಲ್ಲ. ಕಂದು ಛಾಯೆಗಳು ಸುಧಾರಿಸಲು ಒತ್ತಡ ತಂದವರಲ್ಲಿ ತಮ್ಮ ಮಾಲಿನ ಬಣ್ಣ ಜಾಹೀರಾತಿನಲ್ಲಿ ಸರಿಯಾಗಿ ಬರುತ್ತಿಲ್ಲವೆಂದು ದೂರಿದ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರೂ ಇದ್ದರು ಎಂಬುದನ್ನು ಕೆನಡಾದ ಸಂಶೋಧಕಿ ಲೋರ್ನಾ ರಾತ್ ದಾಖಲಿಸಿದ್ದಾರೆ. ಇಂದಿನ ಮೊಬೈಲು ಫಿಲ್ಮಿಗಿಂತ ಎಷ್ಟೋ ಮುಂದಿದೆ, ಒಪ್ಪೋಣ. ಆದರೂ ಅದು ಒಂದೇ ಒತ್ತಿಗೆ ಹಲವು ಚಿತ್ರ ತೆಗೆದು, ಮುಖ ಹುಡುಕಿ, ಬೆಳಗಿಸಿ, ನುಣುಪು ಮಾಡಿ ಕೈಗೆ ಕೊಡುತ್ತದೆ. ನೀವು ಎಡಿಟಿಂಗ್ ಶುರುಮಾಡುವ ಮುಂಚೆಯೇ ಒಂದು ಸುತ್ತಿನ ಎಡಿಟಿಂಗ್ ಮುಗಿದಿರುತ್ತದೆ. ಅದನ್ನು ಮಾಡಿದವರ ಅಭಿರುಚಿ ಮೊಳಕಾಲ್ಮೂರಿನಲ್ಲಿ ರೂಪುಗೊಂಡದ್ದಲ್ಲ.

ಮೊಳಕಾಲ್ಮೂರಿನ ಮಾತು ಬಂದಾಗ ಬೆಳಕಿನ ಬಹಳ ಹಳೆಯ ಪಾಠಶಾಲೆಯೊಂದು ನೆನಪಾಗುತ್ತದೆ. ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರುಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದದ್ದು 1892ರಲ್ಲಿ. ಬ್ರಹ್ಮಗಿರಿಯ ಬಂಡೆಯನ್ನು ಊರವರು ಮೊದಲಿನಿಂದಲೂ ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಬ್ರಾಹ್ಮಿಯಲ್ಲಿ ಬರೆದ ಚಪಡನೆಂಬಾತ ಕೊನೆಗೆ ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟ ಮಳೆಗಾಳಿಗೆ ಸವೆದ ಇಂಥ ಅಕ್ಷರಕ್ಕೆ ನೆಟ್ಟಗೆ ಬೆಳಕು ಬಿದ್ದರೆ ಬಂಡೆ ಬರೀ ಬಂಡೆಯಾಗಿ ಕಾಣುತ್ತದೆ. ಬೆಳಕು ಅಡ್ಡಡ್ಡಲಾಗಿ ತೇಲಿ ಬಂದರೆ ಪ್ರತಿ ಗೀರಿನ ಒಂದು ಅಂಚು ಹೊಳೆದು ಇನ್ನೊಂದು ಅಂಚು ಕಪ್ಪಾಗಿ ಅಕ್ಷರ ಎದ್ದು ನಿಲ್ಲುತ್ತದೆ. ಶಾಸನತಜ್ಞರು ಒದ್ದೆ ಕಾಗದ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು ಯಾವ ಉದ್ದೇಶಕ್ಕೋ, ಈ ಓರೆ ಬೆಳಕು ಕಲ್ಲನ್ನು ಮುಟ್ಟದೆ ಅದನ್ನೇ ಮಾಡಿಕೊಡುತ್ತದೆ. ಊರೂರಿನ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಸುಣ್ಣವನ್ನೋ ಸೀಮೆಸುಣ್ಣವನ್ನೋ ಬಳಿದು ಫೋಟೊ ತೆಗೆಯುವ ಕೆಟ್ಟ ರೂಢಿ ಇನ್ನೂ ಹೋಗಿಲ್ಲ. ಹಾಗೆ ಮಾಡುವವರು ಹೊತ್ತು ಮುಳುಗಿದ ಮೇಲೆ ಗೆಳೆಯನೊಬ್ಬನ ಕೈಗೆ ಟಾರ್ಚ್ ಕೊಟ್ಟು, ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬೆಳಕು ಹಿಡಿಸಿ ತೆಗೆದು ನೋಡಲಿ; ಸುಣ್ಣ ಬೇಡವೆಂದು ಅವರಿಗೇ ತಿಳಿಯುತ್ತದೆ. ನೆಟ್ಟ ಬೆಳಕಿನಲ್ಲಿ ತೆಗೆದ ಚಿತ್ರದಿಂದ ಇದೇ ಅಕ್ಷರಗಳನ್ನು ಕಾಂಟ್ರಾಸ್ಟ್ ಏರಿಸಿ ಹೊರಡಿಸುತ್ತೇನೆಂದರೆ ಯಾವ ಆ್ಯಪ್‌ನಿಂದಲೂ ಆಗದು. ಚಿತ್ರದಲ್ಲಿ ದಾಖಲಾಗದ ನೆರಳನ್ನು ಎಡಿಟಿಂಗ್ ಎಲ್ಲಿಂದ ತಂದೀತು? ಕೃತಕ ಬುದ್ಧಿಮತ್ತೆಯ ಆ್ಯಪ್ ತಂದುಕೊಟ್ಟರೆ ಅದು ಚಪಡನ ಅಕ್ಷರವಲ್ಲ, ಯಂತ್ರದ ಊಹೆ.

ಸೀರೆಯ ವಿಷಯದಲ್ಲಿ ಇದು ನೇರ ಹೊಟ್ಟೆಪಾಡಿನ ಪ್ರಶ್ನೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನವಿಲು, ಹಣ್ಣು, ಹೂವುಗಳ ಬುಟ್ಟಾ, ಅಗಲವಾದ ಅಂಚು, ಜರಿಯ ಸೆರಗು ಅದರ ಹೆಸರುವಾಸಿ ಲಕ್ಷಣ. ಈಗ ನೇಕಾರರು, ಸಣ್ಣ ವ್ಯಾಪಾರಿಗಳು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿಯೂ ಸೀರೆ ಮಾರಬೇಕಾಗಿದೆ. ಅಲ್ಲಿ ಫೋಟೊ ಅಲಂಕಾರವಲ್ಲ, ಒಪ್ಪಂದ. ಬಂದ ಸೀರೆಯ ಬಣ್ಣ ಫೋಟೊದ ಬಣ್ಣಕ್ಕೆ ಹೊಂದದಿದ್ದರೆ ಮಾಲು ವಾಪಸು. ಸಾಗಣೆ ಖರ್ಚೂ ನೇಕಾರರ ತಲೆಗೆ. ಹಾಸಿನಲ್ಲೊಂದು ಬಣ್ಣ, ಹೊಕ್ಕಿನಲ್ಲೊಂದು ಬಣ್ಣ ಇರುವ ರೇಷ್ಮೆ ಇನ್ನೂ ಕಷ್ಟದ್ದು. ಒಂದು ಕಡೆಯಿಂದ ನೋಡಿದರೆ ಕೆಂಪು, ಮಡಿಕೆ ತಿರುಗಿದರೆ ನೇರಳೆ. ಒಂದೇ ಫೋಟೊ ಕಳಿಸಿದರೆ ಅರ್ಧ ಸತ್ಯ ಕಳಿಸಿದಂತೆ. ಮಡಿಕೆ ಮಾಡಿ ಬೇರೆ ಬೇರೆ ಕೋನದಿಂದ ಮೂರು ಫೋಟೊ, ಮೇಲೆ ಹತ್ತು ಸೆಕೆಂಡಿನ ವಿಡಿಯೊ ಬೇಕು. ಮಗ್ಗದ ಮನೆಯಲ್ಲಿ ಟ್ಯೂಬ್‌ಲೈಟಿನ ಬೆಳಕೂ ಕಿಟಕಿಯ ಬೆಳಕೂ ಕೂಡಿದರೆ ಸೀರೆಯ ಒಂದು ಮಗ್ಗುಲು ಹಸಿರು ಛಾಯೆ, ಇನ್ನೊಂದು ಮಗ್ಗುಲು ನೀಲಿ ಛಾಯೆ ಹೊದ್ದುಕೊಳ್ಳುತ್ತದೆ. ಎಡಿಟಿಂಗ್‌ನಲ್ಲಿ ಒಂದು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಲೈಟು ಆರಿಸಿ, ಬಾಗಿಲ ಬೆಳಕೊಂದನ್ನೇ ನೆಚ್ಚಿಕೊಳ್ಳುವುದು ಲೇಸು. ಬಾಗಿಲಿಗೆ ಒಂದು ಬಿಳಿ ಪಂಚೆ ಇಳಿಬಿಟ್ಟರೆ ಜರಿ ಕಣ್ಣು ಕುಕ್ಕುವುದೂ ನಿಲ್ಲುತ್ತದೆ. ಸೀರೆಯ ಪಕ್ಕ ಬಿಳಿ ಹಾಳೆ ಇಟ್ಟು ಒಂದು ಫೋಟೊ ತೆಗೆದುಕೊಂಡು, ಆ್ಯಪ್‌ನ ವೈಟ್ ಬ್ಯಾಲೆನ್ಸ್‌ನಲ್ಲಿ ಆ ಹಾಳೆ ಬಿಳಿಯಾಗುವ ತನಕ ಸರಿಪಡಿಸಿ, ಅದೇ ಅಳತೆಯನ್ನು ಉಳಿದ ಫೋಟೊಗಳಿಗೂ ಹಾಕಿದರೆ ಬಣ್ಣ ಬಹುಮಟ್ಟಿಗೆ ದಾರಿಗೆ ಬರುತ್ತದೆ. ನೋಡುವವರ ಮೊಬೈಲು ಪರದೆ ಬೇರೆಯಾದರೆ ತುಸು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅದನ್ನು ಮಾತಿನಲ್ಲಿ ಮೊದಲೇ ತಿಳಿಸಬೇಕು. ಇಲ್ಲಿ ಸ್ಯಾಚುರೇಶನ್ ಸ್ಲೈಡರನ್ನು ಎಳೆಯುವುದು ಕಲೆಯಲ್ಲ, ತೂಕದಲ್ಲಿ ಮೋಸ ಮಾಡಿದ ಹಾಗೆ.

ಇಷ್ಟು ಹೇಳಿದ ಮೇಲೆ ತಿಳಿದವರು ಒಂದು ಗಟ್ಟಿ ಆಕ್ಷೇಪ ಎತ್ತಬಹುದು. ತಿದ್ದುವುದು ಇಂದಿನದಲ್ಲ, ಫೋಟೊಗ್ರಫಿಯಷ್ಟೇ ಹಳೆಯದು. ಅದಿಲ್ಲದೆ ಕಲೆಯೇ ಇಲ್ಲ ಎಂಬುದು ಆ ವಾದ. ಮಾತು ನಿಜ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಕಾಗದದ ಮೇಲೆ ಕೂಡಿಸಿದ್ದ. 1857ರಲ್ಲಿ ಆಸ್ಕರ್ ರೆಯ್ಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬೆಸೆದು ಒಂದು ದೊಡ್ಡ ಚಿತ್ರ ಕಟ್ಟಿದ. ನಮ್ಮ ಸ್ಟುಡಿಯೊಗಳಲ್ಲೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ತೆಗೆಯುವ ಟಚಿಂಗ್ ಕೆಲಸ ಒಂದು ಕಸುಬೇ ಆಗಿತ್ತು. ಮೊಳಕಾಲ್ಮೂರಿನ ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು. ವನ್ಯಜೀವಿಗಳ ಕಪ್ಪು ಬಿಳುಪು ಚಿತ್ರಗಳಿಗೆ ಜಗತ್ತೇ ಬಲ್ಲ ಛಾಯಾಗ್ರಾಹಕರು. ಅವರ ಕಾಲದ ಕಪ್ಪು ಬಿಳುಪು ಛಾಯಾಗ್ರಾಹಕರು ಸಾಮಾನ್ಯವಾಗಿ ಡಾರ್ಕ್‌ರೂಮಿನಲ್ಲಿ ಕೈಯಡ್ಡ ಹಿಡಿದು ಒಂದು ಭಾಗಕ್ಕೆ ಬೆಳಕು ತಡೆದು, ಇನ್ನೊಂದು ಭಾಗಕ್ಕೆ ಹೆಚ್ಚು ಬಿಟ್ಟು ಪ್ರಿಂಟ್ ಹದಗೊಳಿಸುತ್ತಿದ್ದರು. 1990ರಲ್ಲಿ ನೋಲ್ ಸಹೋದರರ ಫೋಟೊಶಾಪ್ ಬಂದಾಗ ಅದರ ಎಷ್ಟೋ ಸಾಧನಗಳ ಹೆಸರು ಡಾರ್ಕ್‌ರೂಮಿನಿಂದಲೇ ಬಂದವು. ಹಾಗಾದರೆ ನನ್ನ ತಕರಾರೇನು? ಕತ್ತಲ ಕೋಣೆಯಲ್ಲಿ ಕೈಯಡ್ಡ ಹಿಡಿದವರಿಗೆ ತಾವು ಯಾವ ಛಾಯೆಯನ್ನು, ಯಾಕೆ, ಎಷ್ಟು ಬದಲಿಸುತ್ತಿದ್ದೇವೆ ಎಂಬುದು ಗೊತ್ತಿತ್ತು. ಪ್ರತಿ ತಿದ್ದುಪಡಿಗೂ ಕಾಗದ, ಹೊತ್ತು, ರಾಸಾಯನಿಕ ಖರ್ಚಾಗುತ್ತಿತ್ತು. ಹಾಗಾಗಿ ಯೋಚನೆ ಮೊದಲು, ಕೈ ಆಮೇಲೆ. ಫಿಲ್ಟರಿನಲ್ಲಿ ಬೇರೆ ಯಾರೋ ಎಂದೋ ಯೋಚಿಸಿಟ್ಟದ್ದನ್ನು ನಾವು ಒತ್ತುತ್ತೇವೆ. ನಾನು ಎಡಿಟಿಂಗ್ ಬೇಡ ಎನ್ನುತ್ತಿಲ್ಲ, ಎಡಿಟಿಂಗ್ ನಿಮ್ಮದಾಗಲಿ ಎನ್ನುತ್ತಿದ್ದೇನೆ.

ಕಲ್ಪನೆಗೆ ಕಡಿವಾಣ ಹಾಕುವ ಉದ್ದೇಶವೂ ನನಗಿಲ್ಲ. ಯಾರಾದರೂ ನುಂಕೆಮಲೆಯ ಬಂಡೆಗಳ ಮೇಲೆ ಎರಡು ಚಂದ್ರರನ್ನು ಕೂರಿಸಿ ಚಿತ್ರ ಕಟ್ಟಿದರೆ ಸಂತೋಷವೇ. ನೋಡುವವರಿಗೆ ಅದು ಕಲ್ಪನೆಯೆಂದು ತಿಳಿದಿರಬೇಕು, ಅಷ್ಟೇ. ತೊಂದರೆ ಬರುವುದು ದಾಖಲೆಯ ವೇಷದಲ್ಲಿ ಕಲ್ಪನೆ ಬಂದಾಗ. 1982ರ ಫೆಬ್ರುವರಿ ಸಂಚಿಕೆಯ ಮುಖಪುಟಕ್ಕೆ ಹೊಂದಿಸಲು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಗೀಜಾದ ಪಿರಮಿಡ್ಡನ್ನು ಕಂಪ್ಯೂಟರಿನಲ್ಲಿ ಪಕ್ಕಕ್ಕೆ ಸರಿಸಿ ವರ್ಷಾನುಗಟ್ಟಲೆ ಟೀಕೆ ಕೇಳಿತು. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಯ ಸುತ್ತುಗಳ ತನಕ ಬಂದ ಚಿತ್ರಗಳಲ್ಲಿ ಶೇ 20ರಷ್ಟನ್ನು ಅತಿಯಾದ ತಿದ್ದುಪಡಿಯ ಕಾರಣಕ್ಕೆ ಕೈಬಿಡಲಾಯಿತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿನ ಚಿತ್ರ ಪತ್ರಿಕೆಗೆ ಹೋಗುವುದಾದರೆ ಇದ್ದಷ್ಟೇ ಜನ, ಇದ್ದದ್ದೇ ಆಕಾಶ ಇರಬೇಕು. ಅದೇ ಚಿತ್ರ ಮನೆಯ ಗೋಡೆಗೆ ಹೋಗುವುದಾದರೆ ನಿಮ್ಮಿಷ್ಟ.

ಸ್ಟುಡಿಯೊ ನಡೆಸುವವರ ಆಕ್ಷೇಪ ಬೇರೆ ರೀತಿಯದು, ಅದಕ್ಕೆ ಉತ್ತರಿಸುವುದು ಇನ್ನೂ ಕಷ್ಟ. ಮದುವೆ ಆಲ್ಬಮ್‌ನಲ್ಲಿ ಹುಡುಗಿಯನ್ನು ಬೆಳ್ಳಗೆ ಮಾಡಿಕೊಡಿ ಎಂದು ಮನೆಯವರೇ ಕೇಳುತ್ತಾರೆ, ಹಿಂದೆ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ ಹಾಕಿ ಎನ್ನುತ್ತಾರೆ, ಇಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಕಸುಬಿನವರ ಮೇಲೆ ಊರಿನ ಮನಸ್ಸು ತಿದ್ದುವ ಹೊರೆ ಹೊರಿಸುವುದು ನ್ಯಾಯವಲ್ಲ. ಆದರೂ ಒಂದು ಮಾತು ಹೇಳಬಹುದು. ಗಿರಾಕಿ 'ಬೆಳ್ಳಗೆ' ಎನ್ನುವಾಗ ಎಷ್ಟೋ ಸಲ ಕೇಳುತ್ತಿರುವುದು ಕಳೆಯನ್ನು. ಕಪ್ಪು ಮೈಬಣ್ಣದಲ್ಲಿ ಕಳೆ ಬರುವುದು ಬದಿಯ ಬೆಳಕು ಕೆನ್ನೆಯ ಮೇಲೆ ಒಂದು ಹೊಳಪಿನ ಗೆರೆ ಎಳೆದಾಗ. ಚರ್ಮದ ಬಣ್ಣ ಬದಲಿಸಿದಾಗಲ್ಲ. ಹಾಗೆ ತೆಗೆದ ಒಂದು ಚಿತ್ರ, ಬೆಳ್ಳಗೆ ಮಾಡಿದ ಒಂದು ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಆರಿಸಲು ಬಿಡಬಹುದು. ಇಂಥ ಬೆಳಕಿಗೆ ತಗಲುವ ಖರ್ಚಿನ ಮಾತೆತ್ತುವವರು ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರನ್ನು ನೆನೆಯಬೇಕು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲ ಸ್ಟುಡಿಯೊದೊಳಗೆ ಇಳಿಯುವ ಆ ಬೆಳಕಿನ ಕೋಲು ಹುಟ್ಟಿದ್ದು ಕನ್ನಡಿಗಳಿಂದ ಒಳಗೆ ಹಾಯಿಸಿದ ಹೊರಗಿನ ಬಿಸಿಲಿನಿಂದ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗವಾಕ್ಷಿಯಿಂದ ಅಂಥದೇ ಕೋಲು ದಿನಾ ಇಳಿಯುತ್ತದೆ. ಅದರ ಕೆಳಗೆ ಒಂದು ಕನ್ನಡಿ ಹಿಡಿದು, ಮಗ್ಗದ ಕುಣಿಯಲ್ಲಿ ಕೂತವರ ಮುಖದತ್ತ ತಿರುಗಿಸಿದರೆ ಯಾವ ಆ್ಯಪ್ ಕೊಡಲಾರದ ಚಿತ್ರ ಸಿಗುತ್ತದೆ.

ಇಷ್ಟೆಲ್ಲ ಬಣ್ಣದ ವಿಷಯಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳುವವರಿಗೆ ಕಾವಲುಗಳ ಕಥೆ ಉತ್ತರ ಕೊಡುತ್ತದೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆಂದು ಮೀಸಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಹುಲ್ಲುಗಾವಲು ಇದು. ಬೂದು ಮೈಯ, ಉದ್ದ ಕೋಡಿನ ರಾಸುಗಳೂ ಕರಿ ಕುರಿಗಳೂ ಕೃಷ್ಣಮೃಗವೂ ಬಾಳಿದ ನೆಲ. 2008ರ ನಂತರದ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲಿನ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕಿದ್ದೇ ಸುಮಾರು 1,500 ಎಕರೆ. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಆ ಹಂಚಿಕೆ ಸರಿಯೋ ತಪ್ಪೋ ಎಂಬುದು ಈ ಬರಹದ ವಿಷಯವಲ್ಲ. ಆದರೆ ದೇಶದುದ್ದಕ್ಕೂ ಇಂಥ ಹುಲ್ಲುನೆಲಕ್ಕೆ 'ಬಂಜರು' ಎಂಬ ಹಣೆಪಟ್ಟಿ ಸುಲಭವಾಗಿ ಅಂಟುತ್ತದೆ. ಹಸಿರಿಲ್ಲದ್ದು ಬರಡು ಎಂಬ ಎಣಿಕೆಯೇ ಅದಕ್ಕೆ ಕಾರಣ. ಒಣಹುಲ್ಲಿಗೆ ಹಸಿರು ಬಳಿಯುವ ಪ್ರತಿ ಫೋಟೊ ಅದೇ ಎಣಿಕೆಗೆ ಸಹಿ ಹಾಕುತ್ತದೆ; ಈ ನೆಲ ಇದ್ದ ಹಾಗೆ ತೋರಿಸಲು ಯೋಗ್ಯವಲ್ಲ ಎಂದು ಇಲ್ಲಿನ ಮಕ್ಕಳೇ ಒಪ್ಪಿಕೊಂಡಂತಾಗುತ್ತದೆ. ಜೂನ್‌ನಿಂದ ಮೇ ತನಕ ಒಂದೇ ಕಾವಲನ್ನು ಒಂದೇ ಜಾಗದಲ್ಲಿ ನಿಂತು, ಬಣ್ಣ ಕೆಡಿಸದೆ ತಿಂಗಳಿಗೊಂದು ಚಿತ್ರ ತೆಗೆದವರ ಬಳಿ ಹನ್ನೆರಡು ಚಿತ್ರಗಳಿರುತ್ತವೆ. ಹುಲ್ಲು ಚಿಗುರಿದ್ದು, ತೆನೆ ಬಿಟ್ಟದ್ದು, ಒಣಗಿದ್ದು, ರಾಸು ಮೇದದ್ದು ಎಲ್ಲ ಅದರಲ್ಲಿ ಕಾಣುತ್ತದೆ. ಬರಡು ನೆಲ ಹಾಗೆ ಬದಲಾಗುವುದಿಲ್ಲ. ಇಂಥ ದಾಖಲೆಗೆ ಮುಂದೆಯೂ ಬೆಲೆಯುಂಟು. ಹಂಪಿಯ ಗುಡಿಗಳನ್ನು 1856ರಲ್ಲಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ ಅಲೆಕ್ಸಾಂಡರ್ ಗ್ರೀನ್‌ಲಾ ಅವರ ಚಿತ್ರಗಳು ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಉಪಯೋಗಕ್ಕೆ ಬಂದವು. 1980ರ ದಶಕದಲ್ಲಿ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದಾಗ ಯಾವ ಗೋಡೆ ಬಿದ್ದಿದೆ, ಯಾವ ಕಂಬ ಉಳಿದಿದೆ ಎಂದು ಹೋಲಿಸಿ ನೋಡಲು ಸಾಧ್ಯವಾಯಿತು.

ಕಲಿಯಲು ಹೊರಟವರಲ್ಲಿ, ಕಲಿಸುವ ಮೇಷ್ಟರುಗಳಲ್ಲಿ ನನ್ನ ಕೋರಿಕೆ ಇಷ್ಟು. ಮೊದಲ ಮೂರು ತಿಂಗಳು ಮೊಬೈಲನ್ನು ಕಪ್ಪು ಬಿಳುಪಿಗೆ ಇಟ್ಟುಕೊಳ್ಳಿ. ಬಣ್ಣದ ಗದ್ದಲ ಇಲ್ಲದಾಗ ಬೆಳಕು ಕಾಣುತ್ತದೆ. ಆಮೇಲೆ ಬಣ್ಣಕ್ಕೆ ಬನ್ನಿ. ಒಂದು ಕಂಬಳಿ, ಒಂದು ಸೀರೆ, ಒಂದು ತುಂಡು ಕಾವಲು ಈ ಮೂರನ್ನೇ ದಿನದ ಬೇರೆ ಬೇರೆ ಹೊತ್ತಿನಲ್ಲಿ ತೆಗೆಯಿರಿ. ಎಡಿಟಿಂಗ್ ಮಾಡುವಾಗ ಫಿಲ್ಟರ್ ಮುಟ್ಟದೆ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಕಾಂಟ್ರಾಸ್ಟ್ ಮೂರರಲ್ಲೇ ಕೆಲಸ ಮುಗಿಸಲು ನೋಡಿ. ಮುಗಿದ ಚಿತ್ರವನ್ನು ಇನ್‌ಸ್ಟಾಗ್ರಾಂಗೆ ಹಾಕುವ ಮುಂಚೆ ಕಂಬಳಿ ನೇಯ್ದವರಿಗೆ, ಸೀರೆ ನೇಯ್ದವರಿಗೆ, ಆ ಕಾವಲಿನಲ್ಲಿ ಕುರಿ ಬಿಟ್ಟವರಿಗೆ ತೋರಿಸಿ, ಬಣ್ಣ ಇದೇನಾ ಎಂದು ಕೇಳಿ. ಅವರು ತಲೆಯಾಡಿಸಿದ ಮೇಲೆ ಹಾಕಿ.